ಚುಕ್ಕಿಗಿಂತ ಮೊದಲು ಬಿದ್ದ ಬೆರಳು

“ಕಂಪ್ಯೂಟರನ್ನ ಸೋಲಿಸಿದಾಕಿ ಈ ಊರಾಗ ನಾ ಒಬ್ಬಾಕೀನ ನೋಡವ್ವಾ,” ಎಂದಳು ಸಾವಂತ್ರೆವ್ವ. “ಈ ಊರಾಗ ಏನು, ಕುಂದಗೋಳ ತಾಲೂಕಿನಾಗ. ದಿಲ್ಲಿತನಕಾ ಹುಡುಕಿದ್ರೂ ಇನ್ನೊಬ್ಬಾಕಿ ಸಿಗೂದಿಲ್ಲ. ನನ್ನ ಬೆರಳು ಬಿದ್ದ ಹೊಡತಕ್ಕ ಆ ಮಿಶಿನ್ನು ಅಂಜಿ, ಸೊನ್ನಿ ತೋರಿಸಿ, ಕಣ್ಣ ಮುಚ್ಚಿಬಿಡ್ತು.”

ಕೆಂಚವ್ವ ಬಾಯಿ ತೆರೆದುಕೊಂಡು ಕೂತಳು. ಬಮ್ಮಿಗಟ್ಟಿಯಿಂದ ಈ ಊರಿಗೆ ಸೊಸೆಯಾಗಿ ಬಂದು ಅವಳಿಗೆ ಇನ್ನೂ ಎಂಟು ತಿಂಗಳು. ಯಾರ ಮಾತನ್ನು ಎಷ್ಟು ನಂಬಬೇಕೆಂಬುದು ಇನ್ನೂ ತಿಳಿದಿರಲಿಲ್ಲ. ಕರೆಂಟು ಹೋಗಿ ಹಿಟ್ಟಿನ ಗಿರಣಿ ನಿಂತಿತ್ತು. ಜೋಳದ ಬುಟ್ಟಿಗಳು ಬಾಗಿಲಿನಿಂದ ಕಟ್ಟೆಯವರೆಗೆ ಪಾಳಿ ಹಿಡಿದಿದ್ದವು. ಬುಟ್ಟಿಗಳ ಒಡತಿಯರಲ್ಲಿ ಹೆಚ್ಚಿನವರು ಮನೆಗೆ ಹೋಗಿದ್ದರು, ಉಳಿದವರು ಇವರಿಬ್ಬರೇ.

ಗಿರಣಿಯ ಇಸ್ಮಾಯಿಲಸಾಬ ಒಳಗಿನಿಂದಲೇ ಕೂಗಿದ. “ಏ ಆಯೀ, ಪಾಪ ಹೊಸಾ ಹುಡಿಗಿ ಐತಿ. ಸ್ವಲ್ಪ ಕಮ್ಮಿ ಹೇಳು.”

“ಕಮ್ಮೀನ ಹೇಳೇನಿ ಸಾಬಾ. ಪೂರಾ ಹೇಳಿದ್ರ ನಿನ್ನ ಗಿರಣಿ ಕರೆಂಟಿಲ್ಲದ ತಿರಗತೈತಿ.” ಸಾವಂತ್ರೆವ್ವ ಕೆಂಚವ್ವನ ಕಡೆ ಬಾಗಿ ದನಿ ಇಳಿಸಿದಳು. “ಅರ್ಧಾ ಸುಳ್ಳ ಐತಿ, ನನ್ನವ್ವಾ. ಒಪ್ಕೋತೀನಿ. ಇನ್ನ ಅರ್ಧಾ ಖರೇ. ಯಾವ ಅರ್ಧಾ ಯಾವದು ಅನ್ನೂದನ್ನ ಕರೆಂಟ್ ಬರೂತನಕಾ ಹೇಳ್ತೀನಿ, ಕೇಳು.”

ಹೀಗೆಂದು ಅವಳು ಕಟ್ಟೆಯ ಮೇಲೆ ಸರಿದು ಕೂತಾಗ ಸೀರೆಯ ಉಡಿಯೊಳಗೆ ಏನೋ ಕಟಕಟ ಎಂದಿತು. ಶೇಂಗಾ ಇರಬೇಕು, ಆಮೇಲೆ ನನಗೂ ಒಂದು ಮುಷ್ಟಿ ಕೊಟ್ಟಾಳು ಎಂದುಕೊಂಡಳು ಕೆಂಚವ್ವ.

ಅದು ಹೋದ ವರ್ಷದ, ಎಂದರೆ ಎಂಬತ್ತಾರನೆಯ ಇಸವಿಯ ಡಿಸೆಂಬರ್ ತಿಂಗಳ ಮಾತು. ಹಿಂಗಾರಿ ಜೋಳ ಹಾಲು ತುಂಬಿ ನಿಂತಿತ್ತು. ಭತ್ತದ ಸೀಮೆಯಿಂದ ಬಂದ ಕೆಂಚವ್ವನಿಗೆ ಇದನ್ನು ಬಿಡಿಸಿ ಹೇಳಬೇಕಾಯಿತು: ಜೋಳ ಹಾಲುಗಾಳಾದಾಗ ಗುಬ್ಬಿ, ಗಿಳಿ, ಗೀಜಗ ಎಲ್ಲವೂ ನೆಂಟರ ಹಾಗೆ ಹೇಳದೆ ಕೇಳದೆ ಬರುತ್ತವೆ. ಆಗ ಹೊಲದ ನಡುವೆ ನಾಲ್ಕು ಗೂಟ ನೆಟ್ಟು, ಮೇಲೆ ಹಲಗೆ ಹಾಸಿ ಅಟ್ಟಣಿಗೆ ಕಟ್ಟುತ್ತಾರೆ. ಅದರ ಮೇಲೆ ಕೂತು ಕವಣೆ ಬೀಸಿ ಹಕ್ಕಿ ಕಾಯಬೇಕು. ಅಮೋಘಸಿದ್ದಪ್ಪನ ಹೊಲದ ಅಟ್ಟಣಿಗೆಯ ಮೇಲೆ ಸಾವಂತ್ರೆವ್ವ ಕೂಡಲು ಶುರುಮಾಡಿ ಅವಳ ಲೆಕ್ಕದಲ್ಲಿ ನಲವತ್ತು ವರ್ಷ, ಊರಿನವರ ಲೆಕ್ಕದಲ್ಲಿ ಇಪ್ಪತ್ತಾರು. ಗಂಡ ಲಕ್ಷ್ಮಣಪ್ಪ ತೀರಿಕೊಂಡ ಮೇಲಂತೂ ಅವಳು ವರ್ಷವಿಡೀ ಆ ಎರಡು ತಿಂಗಳಿಗಾಗಿ ಕಾಯುತ್ತಿದ್ದಳು. ಮನೆಯೊಳಗೆ ಕೂತರೆ ಮೂರು ಗೋಡೆ, ಒಂದು ಕದ. ಅಟ್ಟಣಿಗೆಯ ಮೇಲೆ ಕೂತರೆ ಯರಗುಪ್ಪಿಯವರೆಗೂ ಬಯಲು. ಅವಳ ಮಾತಿನಲ್ಲಿ ಹೇಳುವುದಾದರೆ ಕಾಶಿಯವರೆಗೂ.

ಆ ವರ್ಷ ಒಂದು ದಿನ ಅಮೋಘಸಿದ್ದಪ್ಪ ಅಟ್ಟಣಿಗೆಯ ಕೆಳಗೆ ಬಂದು ನಿಂತ. ಅವಳು ತೊಟ್ಟಿಲು ತೂಗಿ ಬೆಳೆಸಿದ ಹುಡುಗ; ಈಗ ಬೋಳುತಲೆಯ ಯಜಮಾನ.

“ಆಯೀ, ಇಳಿ ಸ್ವಲ್ಪ. ಮಾತೈತಿ.”

“ಮಾತನ್ನ ಮ್ಯಾಲ ಒಗಿ. ನಾ ಹಿಡೀತೀನಿ.”

“ನಾಳಿದ್ದಿನಿಂದ ಹುಲಿಗೆಪ್ಪನ್ನ ಕೂಡಸೂಣು ಅಂತ ಮಾಡೇನಿ. ನಿನ್ನ ಕೈ ಮೊದಲಿನಂಗ ಇಲ್ಲ. ಅಂವ ಬಾಜೂ ಹೊಲದಾಗ ದಿನಕ್ಕ ನೂರು ಕಲ್ಲ ಬೀಸ್ತಾನ. ಕವಣಿ ಸಪ್ಪಳಾ ಊರಿಗೆಲ್ಲಾ ಕೇಳತೈತಿ. ನಿಂದು ಹತ್ತೂ ಕೇಳೂದಿಲ್ಲ. ಮ್ಯಾಲ ಕುಂತು ತೂಕಡಸ್ತಿ ಅಂತಾರ ಮಂದಿ.”

ಸಾವಂತ್ರೆವ್ವನ ಕೈಯಿಂದ ಕವಣೆ ಜಾರಿತು. ಆದರೆ ಬಾಯಿ ಜಾರಲಿಲ್ಲ. “ಲೇ ಸಿದ್ದಪ್ಪಾ, ನನ್ನ ಕೈ ನಿಂತೈತಿ ಅಂತ ಯಾರು ಅಳದಾರ? ಕೈ ಅಳಿಯೂ ಸೇರು ಯಾವ ಸಂತ್ಯಾಗ ತಂದಿ?”

“ಸಂತ್ಯಾಗ್ಯಾಕ, ನಮ್ಮೂರ ಸಾಲ್ಯಾಗ ಐತಲ್ಲಾ!” ಅಮೋಘಸಿದ್ದಪ್ಪ ಚೇಷ್ಟೆಗೆ ಹೇಳಿದನೋ ನಿಜವಾಗಿ ಹೇಳಿದನೋ ಅವನಿಗೇ ಗೊತ್ತಿರಲಿಲ್ಲ. “ಕಂಪ್ಯೂಟರ್ ಬಂದೈತಿ. ಕೈ ಎಷ್ಟು ಚುರುಕ ಅನ್ನೂದನ್ನ ಅಂಕಿ ಹಾಕಿ ತೋರಸ್ತೈತಂತ. ನೀನೂ ಅಳಸ್ಕೋ, ಹುಲಿಗೆಪ್ಪನೂ ಅಳಸ್ಕೊಳ್ಳಿ. ಯಾರ ಕೈ ಜೋರು ಅವರ ಅಟ್ಟಣಿಗಿ.”

“ಖರೇ?”

“ಬೀರದೇವರ ಆಣಿ.”

ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಊರಿನವರು ಬಂದು ಕಂಪ್ಯೂಟರ್ ನೋಡಬಹುದು ಎಂದು ಹೈಸ್ಕೂಲಿನ ವಿಜ್ಞಾನದ ಟೀಚರ್ ಜಮೀಲಾಬಿ ಹೇಳಿದ್ದಳು. ಅವಳು ಮೂರು ವಾರ ಧಾರವಾಡದಲ್ಲಿ ಟ್ರೇನಿಂಗ್ ಮುಗಿಸಿ ಬಂದಾಕೆ. ಕಂಪ್ಯೂಟರ್ ಕೋಣೆಯ ಕಿಟಕಿಗೆ ಹಳೆಯ ಸೀರೆಯ ಪರದೆ. ಬಾಗಿಲಲ್ಲಿ ಚಪ್ಪಲಿಗಳ ರಾಶಿ. ಮಹಾನವಮಿಯಲ್ಲಿ ಯಾರೋ ಹಚ್ಚಿದ ಕುಂಕುಮ ಯಂತ್ರದ ಬದಿಯಲ್ಲಿ ಇನ್ನೂ ಇತ್ತು. ಕಾಯಿ ಒಡೆದು ನೀರು ಚಿಮುಕಿಸಲು ಹೊರಟವರನ್ನು ತಡೆಯುವುದಕ್ಕೆ ಅಂದು ಜಮೀಲಾಬಿ ಎರಡೂ ಕೈ ಅಗಲಿಸಿ ನಿಂತಿದ್ದಳಂತೆ.

ಸಾವಂತ್ರೆವ್ವ ಹೊಲದಿಂದ ನೆಟ್ಟಗೆ ಬಂದಿದ್ದಳು. ಮೊಣಕಾಲಿನವರೆಗೆ ಎರೆಮಣ್ಣು. ಬಾಗಿಲಲ್ಲಿ ನಿಂತವಳು ಒಳಗೆ ಕಾಲಿಡಲಿಲ್ಲ. ಜಮೀಲಾಬಿ ತಾನೇ ಒಂದು ಬಕೆಟ್ ನೀರು ತಂದಿಟ್ಟಳು.

“ಕಾಲ ತೊಳಕೊಂಡು ಬರ್ರಿ ಆಯಿ.”

“ಅಕ್ಕೋರ, ಈ ಮಣ್ಣ ಹೋಗಬೇಕಂದ್ರ ಬಕೆಟ್ಟು ಸಾಲೂದಿಲ್ರಿ. ಬೆಣ್ಣಿಹಳ್ಳಾನ ಬರಬೇಕು.”

“ಬೆಣ್ಣಿಹಳ್ಳಾ ಬ್ಯಾಸಿಗ್ಯಾಗ ಒಣಗತೈತ್ರಿ. ನಮ್ಮ ಬಕೆಟ್ ಒಣಗೂದಿಲ್ಲ. ಬರ್ರಿ.”

ನೆಲದ ಮೇಲೆ ಕೂಡಲು ಹೋದವಳನ್ನು ಜಮೀಲಾಬಿ ತೋಳು ಹಿಡಿದು ಕುರ್ಚಿಯ ಮೇಲೆ ಕೂಡಿಸಿದಳು. ಹೆಸರು ಕೇಳಿದಳು. ಬಟನ್‌ಗಳ ಮೇಲೆ ಟಕಟಕ ಬೆರಳಾಡಿಸಿದಳು. ಯಂತ್ರದ ಕಪ್ಪು ಪರದೆಯ ಮೇಲೆ ಬಿಳಿಯ ಅಕ್ಷರಗಳ ಒಂದು ಸಾಲು ಮೂಡಿತು.

“ಇದು ನೀವ್ರಿ ಆಯಿ. ಇಂಗ್ಲೀಷಿನ್ಯಾಗ. ಹನ್ನೊಂದು ಅಕ್ಷರಾ.”

“ಹನ್ನೊಂದು! ನಮ್ಮ ಯಜಮಾನ್ರು ಒಂದ ಅಕ್ಷರದಾಗ ಮುಗಸ್ತಿದ್ರಲ್ರಿ ಅಕ್ಕೋರ. ‘ಬೇ’ ಅಂತ.”

ಕೋಣೆಯಲ್ಲಿದ್ದವರೆಲ್ಲ ನಕ್ಕರು. ಸಾವಂತ್ರೆವ್ವ ಮಾತ್ರ ನಗಲಿಲ್ಲ. ಆ ಹನ್ನೊಂದನ್ನೇ ನೋಡುತ್ತ ಕೂತಳು. ಓದಲು ಬಾರದು, ನಿಜ. ಆದರೆ ಅರವತ್ತೈದು ವರ್ಷಗಳಲ್ಲಿ ಅವಳ ಹೆಸರನ್ನು ಯಾರಾದರೂ ಬರೆದದ್ದಿದ್ದರೆ ಅದು ರೇಶನ್ ಕಾರ್ಡಿಗೆ, ಜನಗಣತಿಗೆ. ಅವಳನ್ನು ಕೂಡಿಸಿ, ಅವಳಿಗೇ ತೋರಿಸಲಿಕ್ಕೆಂದು ಬರೆದವರು ಇಲ್ಲ.

ಗೋಡೆಯ ಬೋರ್ಡಿನ ಮೇಲೆ ಜಮೀಲಾಬಿ ತನ್ನ ಪ್ರೋಗ್ರಾಂ ಬರೆದಿಟ್ಟಿದ್ದಳು. ಹನ್ನೊಂದು ಸಾಲು. ಪ್ರತಿ ಸಾಲಿಗೂ ಮುಂದೆ ಒಂದು ಅಂಕಿ: ಹತ್ತು, ಇಪ್ಪತ್ತು, ಮೂವತ್ತು. ಅಂಕಿಗಳು ಸಾವಂತ್ರೆವ್ವನಿಗೆ ಗೊತ್ತು. ಹೊಲದಲ್ಲಿ ಸಾಲು ಎಣಿಸಿದವಳಲ್ಲವೇ.

“ಅಕ್ಕೋರ, ಒಂದು ಎರಡು ಮೂರು ಬರೂದಿಲ್ಲೇನ್ರಿ ನಿಮ್ಮ ಮಿಶಿನ್ನಿಗೆ? ಜಿಗಿಜಿಗಿದ ಎಣಸ್ತೈತಿ.”

“ಬರತೈತ್ರಿ. ನಾವ ನಡುವ ಜಾಗಾ ಬಿಡ್ತೀವಿ. ಏನರ ಮರತಿದ್ರ ಆಮ್ಯಾಲ ತೂರಸಾಕ ಬೇಕಲ್ರಿ.”

ಆ ಪ್ರೋಗ್ರಾಂ ಮಾಡುವುದು ಇಷ್ಟೇ. ಪರದೆ ಮೊದಲು ಕಪ್ಪಾಗಿರುತ್ತದೆ. ಎಷ್ಟು ಹೊತ್ತು ಎಂದು ಯಾರಿಗೂ ಗೊತ್ತಿಲ್ಲ. ಒಮ್ಮೆ ಎರಡು ಸೆಕೆಂಡು, ಒಮ್ಮೆ ಐದು. ಆಮೇಲೆ ನಡುವೆ ಒಂದು ಚುಕ್ಕಿ ಮೂಡುತ್ತದೆ. ಮೂಡಿದ ಕೂಡಲೇ ಕೆಳಗಿನ ಉದ್ದನೆಯ ಬಟನ್ ಒತ್ತಬೇಕು. ಚುಕ್ಕಿ ಮೂಡಿದ ಮೇಲೆ ಬೆರಳು ಬೀಳಲು ಎಷ್ಟು ತಡವಾಯಿತು ಎಂಬುದನ್ನು ಯಂತ್ರ ಸೆಕೆಂಡಿನ ನೂರನೇ ಭಾಗದಲ್ಲಿ ಅಳೆದು ತೋರಿಸುತ್ತದೆ. ಶಾಲೆಯ ನೂರಿಪ್ಪತ್ತು ಮಕ್ಕಳ ಅಂಕಿ ಜಮೀಲಾಬಿಯ ನೋಟ್‌ಬುಕ್ಕಿನಲ್ಲಿತ್ತು. ಎಲ್ಲರಿಗಿಂತ ಚುರುಕಾದ ಹುಡುಗಿಯದು ಇಪ್ಪತ್ನಾಲ್ಕು.

ಸಾವಂತ್ರೆವ್ವನ ಮೊದಲ ಅಂಕಿ ಐವತ್ತೆರಡು.

“ಅಂಕಿ ದೊಡ್ಡದ ಬಂತು! ಗೆದ್ದೆ ಹೌದಿಲ್ಲೋ?”

“ಇಲ್ರಿ ಆಯಿ. ಸಣ್ಣದು ಬರಬೇಕು.”

ಎರಡನೆಯದು ನಲವತ್ತೇಳು. ಬಾಗಿಲಲ್ಲಿ ನಿಂತಿದ್ದ ಯಾರೋ, “ಸಿದ್ದಪ್ಪ ಹೇಳಿದ್ದು ಖರೇ ಐತಿ,” ಎಂದರು. ಅವಳ ಕಿವಿಗೆ ಅದು ಚೆನ್ನಾಗಿ ಕೇಳಿಸಿತು. ಅಟ್ಟಣಿಗೆಯ ಏಣಿಯನ್ನು ಯಾರೋ ಕೆಳಗಿನಿಂದ ಎಳೆದುಕೊಂಡು ಹೋದ ಹಾಗೆ ಅನ್ನಿಸಿತು.

ಮೂರನೆಯ ಸಲ ಪರದೆ ಕಪ್ಪಾಯಿತು. ಅವಳು ಚುಕ್ಕಿಯನ್ನು ಮರೆತಳು. ಹೊಲ ನೆನೆದಳು. ಮೂಡಣದಿಂದ ಒಂದು ಹಿಂಡು ಬರುತ್ತಿದೆ, ಇನ್ನೇನು ಬಾಗುತ್ತದೆ, ಇನ್ನೇನು. ಅಷ್ಟರಲ್ಲಿ ಅವಳ ಬೆರಳು ಬಿದ್ದಿತು. ಚುಕ್ಕಿ ಮೂಡಿದ್ದು ಆಮೇಲೆ. ಅದರ ಬೆನ್ನಿಗೇ ಅಂಕಿ ಬಂತು: ಸೊನ್ನೆ.

ಕೋಣೆ ಹೋ ಎಂದಿತು. ಜಮೀಲಾಬಿ ಹುಬ್ಬು ಗಂಟಿಕ್ಕಿ, “ಇನ್ನೊಮ್ಮೆ ಒತ್ರಿ ಆಯಿ,” ಎಂದಳು. ಅಷ್ಟಕ್ಕೇ ಕರೆಂಟು ಹೋಯಿತು.

ಸಂಜೆಯೊಳಗೆ ಊರಿನ ಬಾಯಲ್ಲೆಲ್ಲ ಸೊನ್ನೆ. ಅಮೋಘಸಿದ್ದಪ್ಪ ಮನೆಯ ಬಾಗಿಲಿಗೇ ಬಂದ. “ಆಯೀ, ಸೊನ್ನಿ ಅಂದ್ರ ಏನಬೇ?”

“ಸೊನ್ನಿ ಅಂದ್ರ ತಡಾನ ಇಲ್ಲ. ಚುಕ್ಕಿ ಹುಟ್ಟೂದೂ ನನ್ನ ಬೆರಳು ಬೀಳೂದೂ ಅವಳೀ ಜವಳಿ.”

“ಹಂಗಾದ್ರ ಮುಗೀತ ಬಿಡು. ಹುಲಿಗೆಪ್ಪಗ ಬ್ಯಾಡಂತ ಹೇಳ್ತೀನಿ. ಅಟ್ಟಣಿಗಿ ನಿಂದ.”

ಅವಳು ಬಾಗಿಲು ಹಾಕಿಕೊಂಡು ಒಳಗೆ ಬಂದಳು. ಬಲಗೈಯ ತೋರುಬೆರಳನ್ನು ದೀಪಕ್ಕೆ ಹಿಡಿದು ನೋಡಿದಳು. ಬೆರಳು ಬಿದ್ದದ್ದು ಚುಕ್ಕಿಗಿಂತ ಮೊದಲು ಎಂಬುದು ಯಾರಿಗೂ ಗೊತ್ತಾಗಿರಲಿಲ್ಲ. ಬೆರಳಿಗೆ ಗೊತ್ತಿತ್ತು.

“ಸುಮ್ಕ ಇರು,” ಎಂದಳು ಅದಕ್ಕೆ.

ಸೋಮವಾರ ಅವಳು ಹಾಲುದೆನೆಗಳನ್ನು ಕೆಂಡದಲ್ಲಿ ಸುಟ್ಟು, ಕಾಳು ಉದುರಿಸಿ, ಬಿಸಿ ಸೀತನಿಯನ್ನು ಬಟ್ಟೆಯಲ್ಲಿ ಕಟ್ಟಿಕೊಂಡು ಶಾಲೆಗೆ ಹೋದಳು. ಕಾಲು ತೊಳೆಯಲು ನೀರು ಕೊಟ್ಟವಳಿಗೆ, ಹೆಸರು ಬರೆದವಳಿಗೆ ಏನಾದರೂ ಕೊಡಬೇಡವೇ. ಈ ಸಲ ಮನೆಯಲ್ಲೇ ಕಾಲು ಉಜ್ಜಿ ತೊಳೆದುಕೊಂಡು ಹೋಗಿದ್ದಳು.

ಜಮೀಲಾಬಿ ಕಂಪ್ಯೂಟರಿನ ಮುಂದೆ ಒಬ್ಬಳೇ ಕೂತಿದ್ದಳು. ಪಕ್ಕದಲ್ಲಿ ಬಿಚ್ಚದ ಊಟದ ಡಬ್ಬಿ. ಬೋರ್ಡಿನ ಹನ್ನೊಂದು ಸಾಲಿಗೂ ಸುಣ್ಣದ ಕಡ್ಡಿಯಿಂದ ಗೀಟು, ಪ್ರಶ್ನೆ, ಮತ್ತೆ ಗೀಟು.

“ಯಾಕ್ರಿ ಅಕ್ಕೋರ, ಮಾರಿ ಬಾಡೇತಿ? ಮಿಶಿನ್ನು ಏನರ ಅಂತೇನ್ರಿ?”

“ನಾಳೆ ಧಾರವಾಡದಿಂದ ಸಾಹೇಬ್ರು ಬರ್ತಾರ್ರಿ ಆಯಿ. ಇಲ್ಲೆ ಇದರ ಕೆಲಸಾ ನಡದೈತೋ, ಪೆಟಿಗ್ಯಾಗ ಕುಂತೈತೋ ಅಂತ ನೋಡವರದಾರ. ಕೆಲಸಾ ಸರಿ ಇರಲಿಲ್ಲಂದ್ರ ಇದನ್ನ ಪ್ಯಾಟಿ ಸಾಲಿಗೆ ಒಯ್ತಾರಂತ. ನನ್ನ ಕಡೆ ತೋರಸಾಕ ಇರೂದು ಇದೊಂದ. ನಾನ ಬರದದ್ದು. ಶನಿವಾರದಿಂದ ನೋಡಾಕ ಹತ್ತೇನಿ, ತಪ್ಪು ಸಿಗವಲ್ದು.”

“ತಪ್ಪು? ಯಾವ ತಪ್ಪು?”

“ಸೊನ್ನಿ.”

ಸಾವಂತ್ರೆವ್ವನ ಕೈಯೊಳಗಿನ ಗಂಟು ತಣ್ಣಗಾದಂತೆ ಅನ್ನಿಸಿತು.

“ಸೊನ್ನಿ ಬರಾಕ ಬರೂದಿಲ್ರಿ ಆಯಿ,” ಎಂದಳು ಜಮೀಲಾಬಿ. “ಕಣ್ಣು ಚುಕ್ಕಿ ನೋಡಬೇಕು, ತಲಿಗೆ ಹೇಳಬೇಕು, ತಲಿ ಬೆರಳಿಗೆ ಹೇಳಬೇಕು. ಎಂಥಾ ಹುಲಿ ಇದ್ರೂ ಹತ್ತೋ ಹದಿನೈದೋ ಆಗಬೇಕು. ನಿಮ್ಮ ತಪ್ಪಲ್ರಿ, ನನ್ನದ. ಎಲ್ಲೋ ಏನೋ ಬಿಟ್ಟೇನಿ. ಒಂದು ಸೊನ್ನಿ ಸುಳ್ಳು ಬಂತಂದ್ರ ಈ ನೂರಿಪ್ಪತ್ತು ಹುಡುಗರ ಅಂಕೀನೂ ಯಾರು ನಂಬ್ತಾರ? ನಾಳೆ ಸಾಹೇಬ್ರು ಕೇಳಿದ್ರ ಏನ ಹೇಳಲಿ?”

‘ನಿಮ್ಮ ತಪ್ಪಲ್ಲ’ ಎಂಬ ಮಾತು ಸಾವಂತ್ರೆವ್ವನಿಗೆ ಚುಚ್ಚಿತು. ಬೈದಿದ್ದರೆ ತಿರುಗಿ ಬೈಯಬಹುದಿತ್ತು; ಆ ವಿದ್ಯೆಯಲ್ಲಿ ಅವಳನ್ನು ಮೀರಿಸುವವರು ಊರಲ್ಲಿರಲಿಲ್ಲ. ಅವಳು ಕಿಟಕಿಯ ಆಚೆ ನೋಡಿದಳು. ಪರದೆಯ ಸಂದಿಯಲ್ಲಿ ಬಯಲು, ಬಯಲಿನ ಕೊನೆಯಲ್ಲಿ ಕಡ್ಡಿಯಷ್ಟು ಸಣ್ಣದಾಗಿ ಅವಳ ಅಟ್ಟಣಿಗೆ. ಬಾಯಿ ಮುಚ್ಚಿದರೆ ಅದು ಅವಳದು. ಬಾಯಿ ಬಿಟ್ಟರೆ ಹುಲಿಗೆಪ್ಪನದು. ಜೀವಮಾನದಲ್ಲಿ ಬಾಯಿ ಮುಚ್ಚುವುದು ಅವಳಿಗೆ ಇಷ್ಟು ಲಾಭದ್ದಾಗಿ ಎಂದೂ ಇರಲಿಲ್ಲ.

“ಅಕ್ಕೋರ,” ಎಂದಳು. “ಚುಕ್ಕಿ ಮೂಡೂಕಿಂತ ಮೊದಲ ಒತ್ತೀನ್ರಿ.”

ಜಮೀಲಾಬಿ ತಿರುಗಿದಳು. “ಏನಂದ್ರಿ?”

“ಕಳವು ಮಾಡೇನಿ. ಕಪ್ಪಿದ್ದಾಗನ ಒತ್ತಿ, ಸುಮ್ಮನ ಕುಂತೆ. ಆಮ್ಯಾಲ ಚುಕ್ಕಿ ಬಂತು. ಸೊನ್ನಿನೂ ಬಂತು. ಬೈರಿ ನೀವು. ಜೋರಲೇ ಬೈರಿ.”

ಜಮೀಲಾಬಿ ಬೈಯಲಿಲ್ಲ. ಅವಳ ಬಾಡಿದ ಮುಖ, ಸಾವಂತ್ರೆವ್ವ ಆಮೇಲೆ ಹೇಳುವ ಹಾಗೆ, ಸೂರ್ಯಕಾಂತಿ ಹೂವಿನಂತೆ ಇಷ್ಟಗಲ ಅರಳಿತು. “ಮೊದಲ? ಮೊದಲ ಒತ್ತಿದ್ರಿ? ಕುಂಡ್ರಿ ಕುಂಡ್ರಿ! ಹಂಗ ಇನ್ನೊಮ್ಮೆ ಮಾಡ್ರಿ!”

ಪರದೆ ಕಪ್ಪಾಯಿತು. ಸಾವಂತ್ರೆವ್ವ ಬೇಕೆಂದೇ ಮೊದಲು ಒತ್ತಿದಳು. ಚುಕ್ಕಿ ಬಂತು, ಸೊನ್ನೆ. ಮತ್ತೊಮ್ಮೆ, ಸೊನ್ನೆ. ಮೂರನೆಯದಕ್ಕೆ ಜಮೀಲಾಬಿ ತಾನೇ ಒತ್ತಿದಳು. ಅವಳಿಗೂ ಸೊನ್ನೆ. ಟೀಚರ್ ಎಂಬುದನ್ನೂ ಮರೆತು ಚಪ್ಪಾಳೆ ತಟ್ಟಿದಳು.

“ಗೊತ್ತಾತು ಆಯಿ! ಬಟನ್ ಯಾವಾಗ ಒತ್ತಿದ್ರೂ ಇದು ಒಳಗ ಇಟ್ಕೊಂಡು ಕಾಯತೈತಿ. ಬಟನ್ ಬೇಕು ಅಂತ ನನ್ನ ಪ್ರೋಗ್ರಾಂ ಕೇಳಿದ ಕೂಡಲೇ, ಮೊದಲ ಇಟ್ಟದ್ದನ್ನ ತಗದು ಕೊಡತೈತಿ. ಅದು ಹಳೇದೋ ಹೊಸಾದೋ ಅಂತ ನಾ ಕೇಳೇ ಇಲ್ಲ.”

ಸಾವಂತ್ರೆವ್ವ ಸ್ವಲ್ಪ ಯೋಚಿಸಿದಳು. “ಅಂದ್ರ ಇಸ್ಮಾಯಿಲಸಾಬನ ಗಿರಣಿ ಇದ್ದಂಗ. ಕದಾ ತಗಿಯೂಕಿಂತ ಮೊದಲ ನಾವು ಬುಟ್ಟಿ ಇಟ್ಟು ಮನಿಗೆ ಹೋಗ್ತೀವಿ. ಕದಾ ತಗದ ಕೂಡಲೇ ಬುಟ್ಟಿ ಮುಂದ ಇರತೈತಿ. ಸಾಬ ತಿಳಕೋತಾನ, ಈಕಿ ಎಷ್ಟು ಲಗೂ ಬಂದಾಳ ಅಂತ. ನಾ ಮನ್ಯಾಗ ಮಲಗಿರ್ತೀನಿ.”

“ಅಗದಿ ಅದ!”

“ಮತ್ತ ಚುಕ್ಕಿ ಮೂಡಿಸೂಕಿಂತ ಮೊದಲ ಎಲ್ಲಾ ಬುಟ್ಟಿ ತಗದು ಹೊರಗ ಒಗೀರಿ. ಬಂದು ನಿಂತವರಿಗಷ್ಟ ಬೀಸ್ರಿ.”

ಜಮೀಲಾಬಿ ಸುಣ್ಣದ ಕಡ್ಡಿ ಎತ್ತಿಕೊಂಡಳು. ಆಮೇಲೆ ಬೋರ್ಡಿನ ಐವತ್ತರ ಸಾಲಿಗೂ ಅರವತ್ತರ ಸಾಲಿಗೂ ನಡುವೆ ಇದ್ದ ಖಾಲಿ ಜಾಗದಲ್ಲಿ ಬರೆದಳು: ಐವತ್ತೈದು. ಅದರ ಮುಂದೆ ಒಂದು ತುಂಡು ಮಾತು. ಆ ಸಾಲು, ಮೊದಲೇ ಒತ್ತಿದ್ದನ್ನೆಲ್ಲ ಗುಡಿಸಿ ಹಾಕುವ ಸಾಲು. ಅದನ್ನೇ ಯಂತ್ರಕ್ಕೂ ಬರೆದಳು. ಸಾವಂತ್ರೆವ್ವ ಮೊದಲು ಒತ್ತಿದಳು. ಚುಕ್ಕಿ ಬಂತು. ಸೊನ್ನೆ ಬರಲಿಲ್ಲ. ಚುಕ್ಕಿ ಸುಮ್ಮನೆ ಮಿನುಗುತ್ತ ಅವಳು ಮತ್ತೆ ಒತ್ತಲೆಂದು ಕಾಯುತ್ತ ನಿಂತಿತು.

“ಈಗ ಶಾಣ್ಯಾ ಆತ್ರಿ ನಿಮ್ಮ ಮಿಶಿನ್ನು. ಮೋಸಾ ಹಿಡೀತೈತಿ.”

“ಯಾರು ಶಾಣ್ಯಾ ಮಾಡಿದ್ರು?” ಎಂದು ಜಮೀಲಾಬಿ ಗಂಟು ಬಿಚ್ಚಿ, ಸುಣ್ಣ ಮೆತ್ತಿದ ಕೈಯಲ್ಲೇ ಸೀತನಿ ಮುಕ್ಕತೊಡಗಿದಳು. ಎರಡು ಹೊತ್ತಿನಿಂದ ಉಂಡಿರಲಿಲ್ಲ. ತಿನ್ನುತ್ತ ತಿನ್ನುತ್ತ ಕಣ್ಣು ಒರೆಸಿಕೊಂಡಳು. ಬೆಲ್ಲ ಬೆರೆಸಿದ ಸೀತನಿ, ಖಾರದ್ದಲ್ಲ.

ಮರುದಿನ ಸಾಹೇಬರು ಬಂದರು. ಸಾವಂತ್ರೆವ್ವ ಕಿಟಕಿಯ ಹೊರಗೆ ನಿಂತು ಪರದೆಯ ಸಂದಿಯಿಂದ ನೋಡಿದಳು. ದೊಡ್ಡ ಸಾಹೇಬರೇ ಆದರೂ ಮನುಷ್ಯರೇ. ಅವರಿಗೂ ಕಾಯಲಾಗಲಿಲ್ಲ, ಚುಕ್ಕಿ ಮೂಡುವ ಮೊದಲೇ ಒತ್ತಿಬಿಟ್ಟರು. ಯಂತ್ರ ಒಪ್ಪಲಿಲ್ಲ. ಮತ್ತೆ ಒತ್ತಿದಾಗ ಮೂವತ್ತೊಂದು. ಅವರು ಬೋರ್ಡು ನೋಡಿ, “ಈ ಐವತ್ತೈದನ್ನು ಯಾರು ಹೇಳಿಕೊಟ್ಟರು?” ಎಂದು ಕೇಳಿದರು. ಜಮೀಲಾಬಿ ಕಿಟಕಿಯ ಕಡೆ ಕೈ ಮಾಡಿದಳು. ಸಾಹೇಬರು ತಿರುಗುವಷ್ಟರಲ್ಲಿ ಸಾವಂತ್ರೆವ್ವ ಕೆಳಗೆ ಕೂತುಬಿಟ್ಟಿದ್ದಳು. ಯಂತ್ರ ಊರಿನಲ್ಲೇ ಉಳಿಯಿತು.

ಅಂದೇ ಸಂಜೆ ಅವಳು ಅಮೋಘಸಿದ್ದಪ್ಪನ ಕಟ್ಟೆಗೆ ಹೋದಳು. “ಸಿದ್ದಪ್ಪಾ, ಸೊನ್ನಿ ಸುಳ್ಳ. ಹುಲಿಗೆಪ್ಪನ್ನ ಕರಕೊಂಡು ಗುರುವಾರ ಸಾಲಿಗೆ ಬಾ. ಮುಂದ ಕುಂತು ಅಳಿಯೂಣು.”

“ನೀನ ಬಂದು ಹೇಳಾಕತ್ತಿಯಲ್ಲಬೇ? ನನಗ ಗೊತ್ತ ಇರಲಿಲ್ಲ.”

“ನಿನಗ ಗೊತ್ತಿಲ್ಲದ್ದು ಭಾಳ ಅದಾವು. ಬಾ.”

ಗುರುವಾರ ಮೂವತ್ತು ವರ್ಷದ ಹುಲಿಗೆಪ್ಪ ಅಂಗಿಯ ತೋಳು ಮಡಿಸಿ ಕೂತ. ಇಪ್ಪತ್ತೆರಡು! ಶಾಲೆಯ ದಾಖಲೆಯೇ ಮುರಿಯಿತು. ಚಪಲಕ್ಕೆ ಕೂತ ಅಮೋಘಸಿದ್ದಪ್ಪನಿಗೆ ಮೂವತ್ತೆಂಟು. ಸಾವಂತ್ರೆವ್ವ ಮೂರು ಸಲ ಒತ್ತಿದಳು, ನ್ಯಾಯವಾಗಿ, ಚುಕ್ಕಿಯನ್ನು ಕಣ್ಣಾರೆ ನೋಡಿದ ಮೇಲೆ. ಮೂವತ್ತಾರು, ಮೂವತ್ತೈದು, ಮೂವತ್ತೈದು.

ಗೆದ್ದ ಹುಲಿಗೆಪ್ಪನೇ ತಲೆ ತಗ್ಗಿಸಿ, “ಆಯೀ, ನನ್ನ ಮ್ಯಾಲ ಸಿಟ್ಟ ಆಗಬ್ಯಾಡಬೇ,” ಎಂದ.

“ನಿನ್ನ ಮ್ಯಾಲ ಯಾಕೋ ತಮ್ಮಾ. ನಿನ್ನ ಕೈ ಬಂಗಾರದ್ದು,” ಎಂದಳು. ದನಿ ಮಾತ್ರ ಎಂದಿಗಿಂತ ಸಣ್ಣದಾಗಿತ್ತು. ಏಳಲು ಹೋದಳು. ಜಮೀಲಾಬಿ ಅವಳ ಭುಜದ ಮೇಲೆ ಕೈಯಿಟ್ಟು ಅಲ್ಲೇ ಕೂಡಿಸಿದಳು.

“ಹುಲಿಗೆಪ್ಪನವರ, ಒಂದು ಮಾತು ಕೇಳ್ತೀನಿ. ಹೊಲದಾಗ ನೀವು ಕವಣಿ ಯಾವಾಗ ಬೀಸ್ತೀರಿ?”

“ಹಕ್ಕಿ ಕುಂತ ಕೂಡಲೇ ಬೀಸ್ತೀನ್ರಿ ಅಕ್ಕೋರ. ತಡಾ ಮಾಡೂದ ಇಲ್ಲ.”

“ಆಯಿ, ನೀವು?”

“ಕುಂತ ಮ್ಯಾಲ ಬೀಸಿದ್ರ ತೆನಿಗೆ ಚುಂಚ ತಾಗೇ ಹೋತಲ್ರಿ!” ಸಾವಂತ್ರೆವ್ವನಿಗೆ ಇದು ಕೇಳುವ ಮಾತೇ ಅಲ್ಲ ಅನ್ನಿಸಿತು. “ಹಿಂಡು ಬರ್ತಾ ಬರ್ತಾ ಒಂದ ಮಗ್ಗಲಿಗೆ ವಾಲತೈತಿ. ರೆಕ್ಕಿ ಕೆಳಗಿನ ಬಿಳುಪು ಕಾಣತೈತಿ. ಎಲ್ಲಿ ಇಳೀತಾವು ಅಂತ ಆವಾಗನ ಗೊತ್ತಾತು. ಅಲ್ಲಿಗೆ ಒಂದು ಕಲ್ಲು ಕಳಸೂದು. ಅವು ಇಳಿಯೂದ ಇಲ್ಲ, ಹಂಗ ಮ್ಯಾಲ ಹೋಗ್ತಾವು. ಅದಕ್ಕ ಅವತ್ತು ಬೆರಳು ಮೊದಲ ಬಿತ್ತರಿ. ಪೂರಾ ಕಳವಲ್ಲ ಅದು. ಅರ್ಧಾ ಚಾಳಿ.”

ಜಮೀಲಾಬಿ ಅಮೋಘಸಿದ್ದಪ್ಪನ ಕಡೆ ತಿರುಗಿದಳು. “ನೋಡ್ರಿ, ಚುಕ್ಕಿ ಮೂಡಿದ ಮ್ಯಾಲ ಆಗೂದನ್ನಷ್ಟ ನನ್ನ ಪ್ರೋಗ್ರಾಂ ಅಳೀತೈತಿ. ಮೂಡೂಕಿಂತ ಮೊದಲಿಂದು ಅದಕ್ಕ ಗೊತ್ತಾಗೂದಿಲ್ಲ. ಮೊದಲಿಂದು ಬಂದ್ರ ಗುಡಿಸಿ ಹಾಕು ಅಂತ ನಾನ ಬರದೇನಿ. ಅದನ್ನ ಅಳಿಯೂದು ನಿಮ್ಮ ಹೊಲದಾಗ ಆಗಬೇಕು. ಹುಲಿಗೆಪ್ಪನವರು ದಿನಕ್ಕ ಎಷ್ಟು ಕಲ್ಲು ಬೀಸ್ತಾರಂದ್ರಿ?”

“ನೂರು,” ಎಂದ ಅಮೋಘಸಿದ್ದಪ್ಪ.

“ಆಯಿ?”

“ಹತ್ತ...” ಎಂದವನು ಅಲ್ಲಿಗೇ ನಿಂತ. ಬೋಳುತಲೆ ಕೆರೆದುಕೊಂಡ. ಕಿಟಕಿಯ ಪರದೆ ಸರಿಸಿ, ಹೊಲದ ಕಡೆ ಬಹಳ ಹೊತ್ತು ನೋಡಿದ. ಹತ್ತೇ ಕಲ್ಲಿಗೆ ಆ ಹೊಲದಲ್ಲಿ ತೆನೆಗಳು ಹೇಗೆ ತುಂಬಿ ನಿಂತಿದ್ದವು ಎಂಬುದನ್ನು ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ. ಆಮೇಲೆ ತಿರುಗಿ, ಆಯಿಯ ಮುಖ ನೋಡಿ, ಬಾಯಿ ತೆರೆದ.

ಸಾವಂತ್ರೆವ್ವ ಅಷ್ಟು ಹೇಳುವುದರೊಳಗೆ ಗಿರಣಿಯ ಬಲ್ಬು ಭಗ್ಗೆಂದಿತು. ಪಟ್ಟಾ ತಿರುಗತೊಡಗಿತು. “ಮೊದಲಿನ ಬುಟ್ಟಿ ಯಾರದು?” ಎಂದು ಇಸ್ಮಾಯಿಲಸಾಬ ಕೂಗಿದ.

“ನಂದ. ಮುಂಜಾನಿನ ಇಟ್ಟು ಹೋಗಿದ್ದೆ,” ಎಂದಳು ಸಾವಂತ್ರೆವ್ವ.

“ಆಯೀ, ಮುಂದ?” ಕೆಂಚವ್ವ ಅವಳ ಸೆರಗು ಹಿಡಿದಳು. “ಸಿದ್ದಪ್ಪ ಕಾಕಾ ಏನಂದ್ರು?”

“ಕೈ ಬಿಡಬೇ, ಪಾಳಿ ಹೋಗತೈತಿ. ಬೀಸಿಕೊಂಡು ಸಾಲಿಗೆ ಹೋಗೂದೈತಿ. ವರ್ಷದ ಮೊದಲನೇ ಸೀತನಿ ಆ ಅಕ್ಕೋರಿಗೆ. ಅವರ ವಹಿಯಾಗ ನನ್ನ ಹೆಸರು ಐತಿ ಗೊತ್ತೇನು? ಹನ್ನೊಂದು ಅಕ್ಷರಾ. ನನ್ನ ಸುಳ್ಳನ್ನ ಬೈಲಿಲ್ಲ, ನನ್ನ ಖರೇನ ನಾ ಬಿಟ್ಟು ಹೊಂಟಾಗ ಹುಡುಕಿ ಕೊಟ್ಲು ಆ ತಾಯಿ. ನಾ ಸತ್ತ ಮ್ಯಾಲೂ ಆಕಿಗೆ ಸೀತನಿ ಕಳಸ್ತೀನಿ, ನೋಡ್ತಿರು.”

ಬುಟ್ಟಿ ಎತ್ತಿಕೊಡಲು ಅವಳು ಬಾಗಿದಾಗ ಉಡಿ ಸಡಿಲವಾಯಿತು. ಹುಣಸೆಬೀಜಕ್ಕಿಂತ ದೊಡ್ಡ, ನಿಂಬೆಹಣ್ಣಿಗಿಂತ ಸಣ್ಣ ಗುಂಡುಕಲ್ಲುಗಳು ಕಟ್ಟೆಯ ಮೇಲೆ ಕಟಕಟ ಉರುಳಿದವು. ಶೇಂಗಾ ಅಲ್ಲ. ಕೆಂಚವ್ವ ಅವನ್ನು ಆರಿಸಿ ಅವಳ ಉಡಿಗೆ ಹಾಕುತ್ತ ಎಣಿಸಿದಳು. ಎಂಟು, ಒಂಬತ್ತು, ಹತ್ತು.

ಸಾವಂತ್ರೆವ್ವ ಸೊಂಟಕ್ಕೆ ಉಡಿ ಬಿಗಿದುಕೊಂಡು ನಕ್ಕಳು.

“ಎಣಿಸಿದೆಲ್ಲಾ? ಇನ್ನ ನೀನ ಹೇಳು ನನ್ನವ್ವಾ. ಅವತ್ತು ಸಿದ್ದಪ್ಪ ಬಾಯಿ ತಗದು ಏನಂದಿದ್ದಾನು?”